ಸಣ್ಣ ರೀಫ್ ಟ್ಯಾಂಕಿಗೆ ಹೊಸ ಮೀನು: ಡ್ರಿಪ್ ಎಷ್ಟು ಹೊತ್ತು, ಕ್ವಾರಂಟೈನ್ ನಿಜವಾಗ್ಲೂ ಬೇಕಾ?

ಉಪ್ಪುನೀರು75:

ನಮಸ್ಕಾರ ಎಲ್ರಿಗೂ. ನಂದು 75 ಲೀಟರ್ ರೀಫ್ ಟ್ಯಾಂಕ್ (ಸಮುದ್ರದ ಮೀನು, ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ), ಉದ್ದ 60 ಸೆಂಟಿಮೀಟರ್, ಕೆಳಗೆ ಫಿಲ್ಟರ್ ಇಡೋ ಇನ್ನೊಂದು ತೊಟ್ಟಿ (ಸಂಪ್) ಇಲ್ಲ, ಹಿಂದ್ಗಡೆ ಒಂದು ಹ್ಯಾಂಗ್ ಆನ್ ಫಿಲ್ಟರ್ ಅಷ್ಟೇ. ಒಳಗೆ ಒಂದು ಜೋಡಿ ಒಸೆಲ್ಲಾರಿಸ್ ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು, ಜೊವಾಂತಿಡ್, ಮಶ್ರೂಮ್ ಅನ್ನೋ ಹವಳದ ಥರದವು, ಜೊತೆಗೆ ಒಂದು ಹ್ಯಾಮರ್ ಕೋರಲ್ (ಹವಳ). ಅಮೋನಿಯಾ ನೈಟ್ರೈಟ್ ಸೊನ್ನೆ, ನೈಟ್ರೇಟ್ 5ರಿಂದ 10ರ ಒಳಗೆ ಆಡ್ತಿರುತ್ತೆ, ಸಲಿನಿಟಿ (ನೀರಿನ ಉಪ್ಪಿನ ಅಳತೆ) 1.025, ಟೆಂಪರೇಚರ್ 26 ಡಿಗ್ರಿ.

ಈಗ ಒಂದು ರಾಯಲ್ ಗ್ರಾಮಾ, ಒಂದು ಫೈರ್‌ಫಿಶ್ ತರೋಣ ಅಂತ ಆಸೆ. ಆದ್ರೆ ಓದಿದಷ್ಟೂ ತಲೆ ಕೆಡ್ತಿದೆ ಕಣ್ರೀ, ಒಬ್ರು ಎರಡು ಗಂಟೆ ಡ್ರಿಪ್ (ಮೀನು ಬಂದ ಚೀಲದ ನೀರಿಗೆ ಟ್ಯಾಂಕ್ ನೀರನ್ನ ಹನಿಹನಿಯಾಗಿ ಬಿಡೋದು) ಮಾಡ್ಲೇಬೇಕು ಅಂತಾರೆ, ಇನ್ನೊಬ್ರು ಡ್ರಿಪ್ಪೇ ಮೀನನ್ನ ಕೊಲ್ಲೋದು ಅಂತಾರೆ, ಕ್ವಾರಂಟೈನ್ (ಹೊಸದನ್ನ ಮೊದ್ಲು ಕೆಲವು ವಾರ ಬೇರೆ ಟ್ಯಾಂಕಲ್ಲಿಡೋದು) ಇಲ್ದೆ ಒಂದು ಹುಳಾನೂ ಒಳಗೆ ಬಿಡ್ಬೇಡಿ ಅನ್ನೋರು ಇದಾರೆ, ನಾನು ಕ್ವಾರಂಟೈನ್ ಮುಖಾನೇ ನೋಡಿಲ್ಲ ನನ್ನ ಮೀನೆಲ್ಲಾ ಚೆನ್ನಾಗಿವೆ ಅನ್ನೋರೂ ಇದಾರೆ. ಎರಡೂ ಮೀನು ಒಟ್ಟಿಗೆ ತರಬಹುದಾ ಇಲ್ಲಾ ಒಂದೊಂದಾಗಾ? ಹೆಣ್ಣು ಕ್ಲೌನು ಈಗಾಗ್ಲೇ ಕ್ಲೀನ್ ಮಾಡೋಕೆ ಕೈ ಹಾಕಿದ್ರೆ ಕಚ್ಚುತ್ತೆ, ಹೊಸಬರನ್ನ ಬಿಡುತ್ತಾ ಅನ್ನೋದು ಬೇರೆ ಚಿಂತೆ. ಇಷ್ಟು ಸಣ್ಣ ಟ್ಯಾಂಕಲ್ಲಿ ಇದನ್ನ ಸರಿಯಾಗಿ ಮಾಡೋದು ಹೇಗೆ, ಅನುಭವ ಇರೋರು ಹೇಳಿ.

ಹವಳದಿಬ್ಬ:

ಎಲ್ರೂ ಆ ಡ್ರಿಪ್ ಮಾಡೋ ಒಂದು ಗಂಟೆ ಬಗ್ಗೇನೇ ಜಗಳ ಆಡ್ತಾರೆ. ಮೀನು ಸಾಯೋದು ಆ ಒಂದು ಗಂಟೆಯಲ್ಲಿ ತೀರಾ ಕಮ್ಮಿ. ಅದರ ಜೊತೆ ಬಂದ ಪರಾವಲಂಬಿಯಿಂದ ಎರಡು ಮೂರು ವಾರ ಬಿಟ್ಟು ಸಾಯುತ್ತೆ, ಇಲ್ಲಾ ಮೊದಲ ಎರಡು ರಾತ್ರಿ ಹಳೇ ಮೀನುಗಳ ಕಾಟಕ್ಕೆ ಸಾಯುತ್ತೆ. ಆದ್ರಿಂದ ನಿಮ್ಮ ಪ್ರಶ್ನೆಗಳಲ್ಲಿ ಎರಡನೇದನ್ನ ಮೊದ್ಲು ತಗೋತೀನಿ.

ಕ್ವಾರಂಟೈನ್ ಬೇಕು, ಅದ್ರಲ್ಲೂ ರೀಫ್ ಟ್ಯಾಂಕ್ ಆದ್ರೆ ಬೇಕೇ ಬೇಕು. ಕಾರಣ ಸರಳ, ಒಳಗೆ ಕಾಯಿಲೆ ಬಂದ್ಮೇಲೆ ಅಲ್ಲಿ ಔಷಧಿ ಹಾಕೋಕಾಗಲ್ಲ. ಇಕ್, ವೆಲ್ವೆಟ್ ಅಂತ ಪರಾವಲಂಬಿಯಿಂದ ಬರೋ ಎರಡು ಕಾಯಿಲೆ ಇವೆ, ಎರಡಕ್ಕೂ ನಂಬಿಕಸ್ಥ ಔಷಧಿ ಅಂದ್ರೆ ತಾಮ್ರ, ಆ ತಾಮ್ರ ನಿಮ್ಮ ಸೀಗಡಿ, ಬಸವನಹುಳು, ಕೋರಲ್ ಎಲ್ಲಾ ಮುಗಿಸುತ್ತೆ, ಕಲ್ಲು ಮರಳು ಅದನ್ನ ಹೀರ್ಕೊಂಡು ಆಮೇಲೆ ನಿಧಾನಕ್ಕೆ ಬಿಡ್ತಾ ಇರುತ್ತೆ. ರೀಫ್ ಸೇಫ್ ಅಂತ ಬಾಟಲಿ ಮೇಲೆ ಬರ್ದಿರೋ ಇಕ್ ಔಷಧಿಗಳು ರೀಫ್‌ಗೆ ಏನೂ ಮಾಡಲ್ಲ ನಿಜ, ಇಕ್‌ಗೂ ಏನೂ ಮಾಡಲ್ಲ.

ಇಕ್ ಅಂದ್ರೆ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ಅದರ ಓಡಾಟ ಗೊತ್ತಾದ್ರೆ ಅರ್ಧ ಗೊಂದಲ ಕಳೆಯುತ್ತೆ. ಮೀನಿನ ಚರ್ಮದೊಳಗೆ 3ರಿಂದ 7 ದಿನ ಕೂತು ತಿನ್ನುತ್ತೆ, ನಾವು ನೋಡೋ ಉಪ್ಪಿನ ಹರಳಿನಂಥ ಚುಕ್ಕೆ ಅದೇ. ಆಮೇಲೆ ಉದುರಿ, ಕಲ್ಲು ಮರಳು ಗಾಜು ಯಾವುದಾದ್ರೂ ಗಟ್ಟಿ ಜಾಗಕ್ಕೆ ಅಂಟ್ಕೊಂಡು ಗೂಡು ಕಟ್ಕೊಳ್ಳುತ್ತೆ, ಒಳಗೇ ಒಡೆದು ಒಡೆದು ನೂರಾರಾಗುತ್ತೆ, ಗೂಡು ಒಡೆದಾಗ ಅವೆಲ್ಲಾ ಈಜ್ತಾ ಮೀನು ಹುಡುಕ್ತವೆ, ಒಂದೆರಡು ದಿನದೊಳಗೆ ಮೀನು ಸಿಗದಿದ್ರೆ ಸಾಯ್ತವೆ. ಸಮುದ್ರದಲ್ಲಿ ಹುಡುಕಿ ಹುಡುಕಿ ಬಹುತೇಕ ಸಾಯ್ತವೆ. 75 ಲೀಟರ್‌ನಲ್ಲಿ ಹುಡುಕೋದೇನಿದೆ, ತಿರುಗಿದ ಕಡೆ ಮೀನು. ಸಣ್ಣ ಟ್ಯಾಂಕಲ್ಲಿ ಇಕ್ ಅಷ್ಟು ಬೇಗ ಜಾಸ್ತಿ ಆಗೋದು ಇದೇ ಕಾರಣಕ್ಕೆ.

ಚುಕ್ಕೆ ಬಂತು, ಬೆಳ್ಳುಳ್ಳಿ ರಸ ಹಾಕಿದೆ, ಮೂರು ದಿನಕ್ಕೆ ಹೋಯ್ತು ಅಂತಾರಲ್ಲ, ಹೋಗಿರಲ್ಲ, ಗೂಡು ಕಟ್ಟೋಕೆ ಇಳಿದಿರುತ್ತೆ ಅಷ್ಟೇ. ಮುಂದಿನ ಸುತ್ತಿಗೆ ಹತ್ತು ಪಟ್ಟಾಗಿ ಬರುತ್ತೆ. ಔಷಧಿ ತಾಗೋದು ಆ ಈಜಾಡೋ ಹಂತದಲ್ಲಿ ಮಾತ್ರ, ಮೀನಿನ ಮೇಲಿದ್ದಾಗ್ಲೂ ತಾಗಲ್ಲ, ಗೂಡಲ್ಲಿದ್ದಾಗ್ಲೂ ತಾಗಲ್ಲ. ಅದಕ್ಕೇ ಚಿಕಿತ್ಸೆ ದಿನಗಟ್ಟಲೆ ಅಲ್ಲ, ವಾರಗಟ್ಟಲೆ.

ವೆಲ್ವೆಟ್ ಇನ್ನೂ ಕೆಟ್ಟದ್ದು, ಅಮೈಲೂಡಿನಿಯಂ. ಚುಕ್ಕೆ ಕಾಣೋ ಮೊದ್ಲೇ ಕಿವಿರಿಗೆ ಹತ್ತಿರುತ್ತೆ. ಮೀನು ಜೋರಾಗಿ ಉಸಿರಾಡ್ತಾ ಪವರ್‌ಹೆಡ್ ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತಿರುತ್ತೆ, ಬೆಳಕು ಕಂಡ್ರೆ ಅಡಗುತ್ತೆ, ಊಟ ಬಿಡುತ್ತೆ, ಎರಡು ಮೂರು ದಿನದಲ್ಲಿ ಕತೆ ಮುಗಿಯುತ್ತೆ. ಇದು ಡಿಸ್‌ಪ್ಲೇ ಟ್ಯಾಂಕಿಗೆ, ಅಂದ್ರೆ ನಿಮ್ಮ ಮುಖ್ಯ ರೀಫಿಗೆ ನುಗ್ಗಿದ್ರೆ ಹೊಸ ಮೀನಿನ ಜೊತೆ ನಿಮ್ಮ ಕ್ಲೌನ್ ಜೋಡಿನೂ ಹೋಗುತ್ತೆ.

ಅಲೆಮಾರಿ:

ಹವಳದಿಬ್ಬ ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಡ್ರಿಪ್ ವಿಷಯ ನಾನು ಹೇಳ್ತೀನಿ, ಅದನ್ನ ಯಾರೂ ಕಾರಣ ಸಮೇತ ಹೇಳಲ್ಲ.

ಮೀನು ಚೀಲದೊಳಗೆ ಉಸಿರಾಡ್ತಾ ಇರುತ್ತೆ, ಕಾರ್ಬನ್ ಡೈಆಕ್ಸೈಡ್ ತುಂಬ್ಕೊಳ್ಳುತ್ತೆ, ಅದ್ರಿಂದ ನೀರಿನ ಪಿಎಚ್ ಇಳಿಯುತ್ತೆ. ಅದೇ ನೀರಿಗೆ ಅಮೋನಿಯಾನೂ ಸೇರ್ತಾ ಇರುತ್ತೆ, ಆದ್ರೆ ಪಿಎಚ್ ಕಮ್ಮಿ ಇರೋವರೆಗೂ ಅದು ಬಹುಪಾಲು ಅಮೋನಿಯಂ ರೂಪದಲ್ಲಿರುತ್ತೆ, ಅಷ್ಟೊಂದು ವಿಷ ಅಲ್ಲ. ಚೀಲ ಬಿಚ್ಚಿದ್ರಿ ಅನ್ಕೊಳ್ಳಿ. ಗಾಳಿ ಆಡ್ತು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಯ್ತು, ಪಿಎಚ್ ಏರ್ತು, ಅಮೋನಿಯಂ ಎಲ್ಲಾ ಅಮೋನಿಯಾ ಆಗೋಕೆ ಶುರು. ನೀವು ಹನಿ ಹನಿಯಾಗಿ ಹಾಕ್ತಿರೋ ಟ್ಯಾಂಕ್ ನೀರಿನ ಪಿಎಚ್ 8.2, ಅದು ಇನ್ನಷ್ಟು ಏರ್ಸುತ್ತೆ. ಮೀನಿಗೆ ಉಪಕಾರ ಮಾಡ್ತಿದೀವಿ ಅನ್ಕೊಂಡು ಎರಡು ಗಂಟೆ ಆ ನೀರಲ್ಲೇ ಕಿವಿರು ಸುಟ್ಕೊಳ್ಳೋ ಹಾಗೆ ಮಾಡ್ತೀವಿ. ದೂರದಿಂದ ಪಾರ್ಸೆಲ್ಲಲ್ಲಿ ಒಂದು ದಿನ ಪ್ರಯಾಣ ಮಾಡಿ ಬಂದ ಮೀನಿಗೆ ಉದ್ದನೆ ಡ್ರಿಪ್ ಖಂಡಿತ ಬೇಡ. ಅರ್ಧ ಗಂಟೆ ಒಂದು ಗಂಟೆ ದಾರಿಯಿಂದ ತಂದಿದ್ದಾದ್ರೆ ಅಮೋನಿಯಾ ಅಷ್ಟು ಸೇರಿರಲ್ಲ, ಡ್ರಿಪ್ ಮಾಡಿದ್ರೂ ನಡೆಯುತ್ತೆ, ಆದ್ರೆ ಅಲ್ಲೂ ಅರ್ಧ ಗಂಟೆ ದಾಟಿಸೋದ್ರಲ್ಲಿ ಅರ್ಥ ಇಲ್ಲ.

ನಾನು ಮಾಡೋದು: ಚೀಲ ಬಿಚ್ಚದೆ 15-20 ನಿಮಿಷ ತೇಲಿಬಿಡೋದು, ಟೆಂಪರೇಚರ್ ಸರಿ ಹೋಗ್ಲಿ ಅಂತ. ಬಿಚ್ಚಿ ತಕ್ಷಣ ರಿಫ್ರಾಕ್ಟೋಮೀಟರಲ್ಲಿ ಚೀಲದ ಸಲಿನಿಟಿ ನೋಡೋದು. ಕ್ವಾರಂಟೈನ್ ನೀರು ಮೊದ್ಲೇ ಅದೇ ಸಲಿನಿಟಿಗೆ ತಂದಿಟ್ಟಿದ್ರೆ ನೇರ ಬಿಡೋದು, ಕೆಲಸ ಮುಗೀತು. ಪಿಎಚ್ ಹೊಂದಿಸೋಕೆ ಹೋಗ್ಬೇಡಿ.

ಇಲ್ಲೊಂದು ಸೂಕ್ಷ್ಮ ಇದೆ. ಮಾರೋರು ತುಂಬಾ ಜನ ಮೀನನ್ನ ಕಮ್ಮಿ ಉಪ್ಪಲ್ಲಿ ಇಡ್ತಾರೆ, 1.018, 1.020 ಆ ಥರ, ಉಪ್ಪೂ ಉಳಿಯುತ್ತೆ ಕೆಲವು ಪರಾವಲಂಬಿಗಳೂ ಸ್ವಲ್ಪ ತಣ್ಣಗಿರ್ತವೆ. ಜಾಸ್ತಿ ಉಪ್ಪಿಂದ ಕಮ್ಮಿ ಉಪ್ಪಿಗೆ ಹೋದ್ರೆ ಮೀನು ತಡ್ಕೊಳ್ಳುತ್ತೆ. ಕಮ್ಮಿಯಿಂದ ಜಾಸ್ತಿಗೆ ಒಂದೇ ಸಲ ಹಾಕಿದ್ರೆ ಮೈಯಿಂದ ನೀರು ಹೊರಗೆ ಹೋಗುತ್ತೆ, ಆವಾಗೇನೋ ಚೆನ್ನಾಗೇ ಕಾಣುತ್ತೆ, ಎರಡು ಮೂರು ದಿನ ಬಿಟ್ಟು ಯಾಕೆ ಸತ್ತಿತು ಅಂತಾನೇ ಗೊತ್ತಾಗಲ್ಲ. ತರೋಕೆ ಮುಂಚೆ ಅವರ ಸಲಿನಿಟಿ ಎಷ್ಟು ಅಂತ ಕೇಳಿ, ಹೇಳದಿದ್ರೆ ರಿಫ್ರಾಕ್ಟೋಮೀಟರ್ ಜೇಬಲ್ಲಿಟ್ಕೊಂಡು ಹೋಗಿ, ನಾಚಿಕೆ ಪಡ್ಬೇಡಿ. ಕ್ವಾರಂಟೈನನ್ನ ಅದಕ್ಕೆ ಹೊಂದಿಸಿ, ಆಮೇಲೆ ದಿನಕ್ಕೆ 0.001 ಅಥವಾ 0.002 ಲೆಕ್ಕದಲ್ಲಿ ಏರಿಸ್ತಾ 1.025ಕ್ಕೆ ತನ್ನಿ.

ಇನ್ನೊಂದು, ಚೀಲದ ನೀರು ಒಂದು ಹನಿನೂ ಟ್ಯಾಂಕಿಗೆ ಹಾಕ್ಬೇಡಿ. ಚಿಕ್ಕ ಪ್ಲಾಸ್ಟಿಕ್ ಡಬ್ಬೀಲಿ ಮೀನು ಎತ್ತಿ, ಬಲೆ ಬೇಡ, ರೆಕ್ಕೆ ಮುಳ್ಳು ಸಿಕ್ಕಾಕೊಳ್ಳುತ್ತೆ, ಮೈಮೇಲಿನ ಲೋಳೆನೂ ಕಿತ್ತು ಬರುತ್ತೆ.

ಸುಮ್ನೆಮೀನು:

ನಾನು ಸ್ವಲ್ಪ ಉಲ್ಟಾ ಹೇಳ್ತೀನಿ ನೋಡ್ರಿ, ಬೈಬ್ಯಾಡ್ರಿ. ಕ್ವಾರಂಟೈನ್ ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಮೀನು ಬಂದ ಕೂಡ್ಲೇ ತಾಮ್ರ ಸುರುವೋದು ಐತಲ್ಲ, ಅದು ನನಗ ಸೇರಂಗಿಲ್ಲ. ಹಿಡಿದು, ಚೀಲದಾಗ ಹಾಕಿ, ಎರಡು ಮೂರು ಕೈ ಬದಲಾಗಿ ಬಂದ ಜೀವ ಅದು, ಉಣ್ಣಾಕೂ ಶುರು ಮಾಡಿರಂಗಿಲ್ಲ, ಅಷ್ಟರಾಗ ವಿಷ. ತಾಮ್ರ ಹಾಕಿದ್ರ ಊಟ ಬಿಡೋ ಮೀನು ಬಾಳ ಅದಾವು. ಹೊಸಬರು ಟೆಸ್ಟ್ ಇಲ್ಲದ ಅಂದಾಜಿಗೆ ಹಾಕ್ತಾರ, ಕಮ್ಮಿ ಆದ್ರ ಕೆಲಸ ಮಾಡಂಗಿಲ್ಲ, ಜಾಸ್ತಿ ಆದ್ರ ಮೀನು ಸಾಯ್ತದ.

ನಾ ಮೊದಲ ಒಂದು ವಾರ ಬರೇ ನೋಡ್ತೀನಿ. ಉಣ್ಣುತ್ತೋ ಇಲ್ಲೋ, ಉಸಿರು ಹೆಂಗೈತಿ, ಮೈ ಉಜ್ಜುತ್ತೋ, ಹೇಲು ಬಿಳಿ ದಾರದಂಗ ಬರ್ತದೋ. ಮೈಸಿಸ್ ಸೀಗಡಿ ವಿಟಮಿನ್‌ನಾಗ ನೆನೆಸಿ ಕೊಡ್ತೀನಿ. ಉಣ್ಣಾಕ ಹತ್ತಿದ ಮ್ಯಾಲೆ ಪ್ರಾಜಿಕ್ವಾಂಟೆಲ್ (ಹುಳದ ಔಷಧಿ) ಒಂದು ಡೋಸು, ಒಂದು ವಾರ ಬಿಟ್ಟು ಇನ್ನೊಂದು, ಯಾಕಂದ್ರ ಫ್ಲೂಕ್ ಹುಳದ ತತ್ತಿಗೆ ಅದು ನಾಟಂಗಿಲ್ಲ, ಮರಿ ಹೊರಗ ಬಂದ ಮ್ಯಾಲೆ ಎರಡನೇ ಡೋಸು ಹೊಡೀಬೇಕು. ಏರ್ ಸ್ಟೋನ್ ಜೋರ್ ಇಡ್ರಿ ಆವಾಗ, ನೀರಾಗ ಆಕ್ಸಿಜನ್ ಕಮ್ಮಿ ಆಗ್ತದ.

ಇಕ್‌ಗೆ ತಾಮ್ರನೇ ಬೇಕಂತಿಲ್ಲ, ಟ್ಯಾಂಕ್ ಟ್ರಾನ್ಸ್‌ಫರ್ ಮಾಡ್ರಿ. ಎರಡು ಡಬ್ಬಿ ಅಥವಾ ಬಕೆಟ್ ಇದ್ರ ಸಾಕು, ಪ್ರತಿ 72 ಗಂಟೆ ಮುಗಿಯೋದ್ರೊಳಗ ಮೀನನ್ನ ಒಂದರಿಂದ ಇನ್ನೊಂದಕ್ಕ ಹಾಕೋದು, ಹೊಸಾ ನೀರು, ಒಣಗಿಸಿದ ಸಾಮಾನು, ಹಳೇ ನೀರು ಒಂದು ಚೂರೂ ಬರಬಾರ್ದು. ನಾಕು ಸಲ ಬದಲಿ ಮಾಡಿದ್ರ ಮುಗೀತು. ಮೀನಿಂದ ಉದುರಿದ್ದು ಗೂಡಾಗ ಕನಿಷ್ಠ ಮೂರು ದಿನ ಕೂಡ್ತದ, ಅದು ಒಡಿಯೋದ್ರೊಳಗ ಮೀನು ಬ್ಯಾರೆ ಮನೀಗೆ ಹೋಗಿರ್ತದ. ಔಷಧಿನೇ ಇಲ್ಲ.

ಹವಳದಿಬ್ಬ:

@ಸುಮ್ನೆಮೀನು ನಿಮ್ಮ ಮಾತಲ್ಲಿ ಮುಕ್ಕಾಲು ಒಪ್ತೀನಿ. ಬಂದ ದಿನಾನೇ ತಾಮ್ರ ಹಾಕೋದು ನಾನೂ ಮಾಡಲ್ಲ. ಆದ್ರೆ ಟ್ರಾನ್ಸ್‌ಫರ್ ಮಾಡೋದ್ರಿಂದ ಇಕ್ ಮಾತ್ರ ಹೋಗೋದು, ವೆಲ್ವೆಟ್ ಹೋಗಲ್ಲ, ಮತ್ತೆ ವೆಲ್ವೆಟ್ ಬಂದ್ರೆ ನೋಡ್ಕೊಂಡು ಆಮೇಲೆ ಔಷಧಿ ಹಾಕೋಣ ಅನ್ನೋಕೆ ಅದು ಟೈಮೇ ಕೊಡಲ್ಲ. ಸಲಿನಿಟಿ 1.009ಕ್ಕೆ ಇಳಿಸೋ ವಿಧಾನದ್ದೂ ಅದೇ ಕತೆ, ಇಕ್‌ಗೆ ಆಗುತ್ತೆ, ವೆಲ್ವೆಟ್ ಆ ಉಪ್ಪಲ್ಲೂ ಆರಾಮಾಗಿರುತ್ತೆ.

ಉಪ್ಪುನೀರು75, ನಿಮಗೆ ಪ್ರಾಕ್ಟಿಕಲ್ ಆಗಿ ಹೇಳ್ತೀನಿ. ಒಂದು 40 ಲೀಟರ್ ಖಾಲಿ ಗಾಜಿನ ಟ್ಯಾಂಕ್. ಮರಳು ಕಲ್ಲು ಬೇಡ, ತಾಮ್ರ ಹೀರ್ಕೊಳ್ಳುತ್ತೆ. ಹೀಟರ್, ಏರ್ ಪಂಪ್, ಸ್ಪಂಜ್ ಫಿಲ್ಟರ್, ಬಚ್ಚಿಟ್ಕೊಳ್ಳೋಕೆ ನಾಲ್ಕೈದು ಪಿವಿಸಿ ಪೈಪಿನ ತುಂಡು, ಮೇಲೆ ಮುಚ್ಚಳ. ಸ್ಪಂಜನ್ನ ಮೂರು ನಾಲ್ಕು ವಾರ ಮೊದ್ಲೇ ನಿಮ್ಮ ಹ್ಯಾಂಗ್ ಆನ್ ಫಿಲ್ಟರ್ ಒಳಗೆ ತುರುಕಿಡಿ, ಬ್ಯಾಕ್ಟೀರಿಯಾ ಹಿಡೀಲಿ. ಇದೊಂದು ಮಾಡದೇ ಇರೋದ್ರಿಂದಾನೇ ಕ್ವಾರಂಟೈನಲ್ಲಿ ಮೀನು ಸಾಯೋದು, ಕಾಯಿಲೆಯಿಂದಲ್ಲ ಅಮೋನಿಯಾದಿಂದ, ಆಮೇಲೆ ಕ್ವಾರಂಟೈನೇ ಕೆಟ್ಟದ್ದು ಅಂತ ಬರೀತಾರೆ. ಸೀಕೆಮ್ ಅವರ ಅಮೋನಿಯಾ ಅಲರ್ಟ್ ಅಂತ ಗಾಜಿಗೆ ಅಂಟಿಸೋ ಬಿಲ್ಲೆ ಬರುತ್ತೆ, ಹಳದಿ ಬಿಟ್ಟು ಹಸಿರಿಗೆ ತಿರುಗಿದ್ರೆ ನೀರು ಬದಲಾಯ್ಸಿ.

ತಾಮ್ರ ಹಾಕೋದಾದ್ರೆ ಮೀನು ಚೆನ್ನಾಗಿ ತಿನ್ನೋಕೆ ಶುರು ಮಾಡಿದ್ಮೇಲೆ. ಕಾಪರ್ ಪವರ್ ಥರದ ಕೀಲೇಟೆಡ್ ತಾಮ್ರ ಆದ್ರೆ ಎರಡು ಮೂರು ದಿನದಲ್ಲಿ ನಿಧಾನಕ್ಕೆ ಏರಿಸಿ 2.25ರಿಂದ 2.5 ಪಿಪಿಎಂ ನಡುವೆ 30 ದಿನ ಇಡಿ. ಕ್ಯೂಪ್ರಮೀನ್ ಅನ್ನೋ ಇನ್ನೊಂದು ತಾಮ್ರದ ಔಷಧಿ ಆದ್ರೆ ಲೆಕ್ಕಾನೇ ಬೇರೆ, 0.5 ಪಿಪಿಎಂ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದ್ರೆ ಮುಗೀತು. ಹ್ಯಾನಾ ಚೆಕರ್ ಥರದ ಡಿಜಿಟಲ್ ಟೆಸ್ಟ್ ಇಲ್ದೆ ತಾಮ್ರ ಮುಟ್ಟಲೇಬೇಡಿ, ಬಣ್ಣ ನೋಡಿ ಹೇಳೋ ಕಿಟ್‌ಗಳು ಈ ಅಳತೆಗೆ ಸಾಲಲ್ಲ. ತಾಮ್ರ ಇರೋ ನೀರಿಗೆ ಪ್ರೈಮ್ ಥರದ ಅಮೋನಿಯಾ ಕಟ್ಟಿಹಾಕೋ ಕಂಡೀಷನರ್ ಹಾಕ್ಬೇಡಿ, ತಾಮ್ರ ಇನ್ನೂ ವಿಷ ಆಗುತ್ತೆ. ನೀರು ಬದಲಾಯ್ಸುವಾಗ ಹೊಸ ನೀರಿಗೂ ಅಷ್ಟೇ ತಾಮ್ರ ಸೇರ್ಸಿ ಹಾಕಿ, ಇಲ್ಲಾಂದ್ರೆ ಮಟ್ಟ ಇಳಿದು ಎಣಿಕೆ ಮತ್ತೆ ಮೊದಲ ದಿನದಿಂದ. ಆ ಸ್ಪಂಜು, ಪೈಪು, ಬಕೆಟ್ಟು ಯಾವುದೂ ವಾಪಸ್ ರೀಫ್ ಕಡೆ ಬರಬಾರದು. ಟೆಸ್ಟರ್ ಕೊಳ್ಳೋ ಮನಸ್ಸಿಲ್ಲ ಅಂದ್ರೆ ಸುಮ್ನೆಮೀನು ಹೇಳಿದ ದಾರೀಲೇ ಹೋಗಿ, ಆದ್ರೆ ಔಷಧಿ ಬಾಟಲಿ ಮನೇಲಿರ್ಲಿ.

ಒಂದು ಪ್ರಶ್ನೆ. ನಿಮ್ಮ ಕ್ಲೌನ್ ಜೋಡಿ ಎಲ್ಲಿಂದ ಬಂದಿದ್ದು, ಕ್ವಾರಂಟೈನ್ ಆಗಿತ್ತಾ? ಕೇಳೋಕೆ ಕಾರಣ ಇದೆ.

ಉಪ್ಪುನೀರು75:

ಇಷ್ಟೊಂದು ವಿವರ ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಕ್ಲೌನ್ ಎರಡೂ ಫಾರ್ಮಲ್ಲಿ ಮರಿ ಮಾಡಿದ್ದು, ಸ್ನೇಹಿತರೊಬ್ಬರು ಟ್ಯಾಂಕ್ ಮುಚ್ಚುವಾಗ ಕೊಟ್ಟಿದ್ದು, ಕ್ವಾರಂಟೈನ್ ಏನೂ ಇಲ್ಲ, ಆವಾಗ ನಂದು ಹೊಸ ಟ್ಯಾಂಕ್ ಬೇರೆ ಮೀನೇ ಇರ್ಲಿಲ್ಲ. ಒಂದು ದಿನಾನೂ ಚುಕ್ಕೆ ಗಿಕ್ಕೆ ಕಂಡಿಲ್ಲ, ಮೊಟ್ಟೆ ಕೂಡ ಇಡ್ತಿವೆ. ಅವುಗಳಿಂದ ಏನು ಸಮಸ್ಯೆ? ಹೊಸ ಮೀನಿಂದ ಹಳೇ ಮೀನಿಗೆ ತಾನೇ ಅಪಾಯ?

ಹವಳದಿಬ್ಬ:

ಉಲ್ಟಾನೂ ಆಗುತ್ತೆ. ಇಕ್‌ನಿಂದ ಒಮ್ಮೆ ಚೇತರಿಸ್ಕೊಂಡ ಮೀನಿಗೆ ಒಂದಿಷ್ಟು ರೋಗನಿರೋಧಕ ಶಕ್ತಿ ಬರುತ್ತೆ, ಪೂರ್ತಿ ಅಲ್ಲ. ಕಿವಿರಲ್ಲಿ ಒಂದೆರಡು ಇದ್ದೇ ಇರ್ತವೆ, ಹೊರಗೆ ಏನೂ ಕಾಣಲ್ಲ, ಟ್ಯಾಂಕಲ್ಲಿ ಸಣ್ಣ ಮಟ್ಟದಲ್ಲಿ ಸುತ್ತು ನಡೀತಾನೇ ಇರುತ್ತೆ. ಆಗ ಪೂರ್ತಿ ಶುದ್ಧವಾಗಿ ಕ್ವಾರಂಟೈನ್ ಮುಗಿಸಿದ ಹೊಸ ಮೀನು ಬಂದು, ಜಾಗ ಹೊಸದು, ಕ್ಲೌನ್ ಕಾಟ ಬೇರೆ, ಅದಕ್ಕೆ ಮೈತುಂಬ ಚುಕ್ಕೆ ಬರುತ್ತೆ. ಇಷ್ಟೆಲ್ಲಾ ಕ್ವಾರಂಟೈನ್ ಮಾಡಿದ್ರೂ ಇಕ್ ಬಂತಲ್ಲ ಅಂತ ತಲೆ ಚಚ್ಕೊಳ್ಳೋರ ಟ್ಯಾಂಕಲ್ಲಿ ಎಷ್ಟೋ ಸಲ ಆಗಿರೋದು ಇದೇ.

ನಿಮ್ಮದ್ರಲ್ಲಿ ಆ ಸಾಧ್ಯತೆ ಕಮ್ಮಿ ಅನ್ಸುತ್ತೆ. ಎರಡೇ ಮೀನು, ಹೊರಗಿಂದ ಹೊಸ ಮೀನು ಬಂದಿಲ್ಲ, ಮೊಟ್ಟೆ ಇಡೋಷ್ಟು ಆರೋಗ್ಯ. ಆದ್ರೂ ಒಂದು ವಾರ ರಾತ್ರಿ ಲೈಟ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಾಕಿ ರೆಕ್ಕೆ ತುದಿ ನೋಡಿ, ಕಲ್ಲಿಗೆ ಮೈ ಉಜ್ಜೋದು, ಆಗಾಗ ತಲೆ ಕೊಡವೋದು ಇದ್ರೆ ಹೇಳಿ. ಅನುಮಾನ ಬಂದ್ರೆ ಕ್ಲೌನ್‌ಗಳನ್ನೂ ಕ್ವಾರಂಟೈನಿಗೆ ಎತ್ತಿ, ರೀಫ್ ಮೀನಿಲ್ಲದೇ ಖಾಲಿ ಬಿಡಬೇಕಾಗುತ್ತೆ. ಗೂಡಿನೊಳಗೆ 72 ದಿನ ಉಳಿದ ದಾಖಲೆ ಇದೆ, ಅದಕ್ಕೇ ಎಲ್ರೂ 76 ದಿನ ಅನ್ನೋದು. ಟೆಂಪರೇಚರ್ 27ಕ್ಕೆ ಏರಿಸಿದ್ರೆ ಸುತ್ತು ಬೇಗ ಮುಗಿಯುತ್ತೆ, 45 ದಿನ ಸಾಕು ಅನ್ನೋರೂ ಇದಾರೆ, ನಾನು ಆತುರ ಇಲ್ದಿದ್ರೆ 76ಕ್ಕೇ ನಿಲ್ತೀನಿ. ಸೀಗಡಿ ಕೋರಲ್ ಒಳಗೇ ಇರ್ಬಹುದು, ಅವುಗಳ ಮೈಮೇಲೆ ಇಕ್ ಬದುಕಲ್ಲ. ಹಾಂ, ಕ್ಲೀನರ್ ಸೀಗಡಿ ಇದೆಯಲ್ಲ ಅದೇ ಇಕ್ ತಿಂದು ಮುಗಿಸುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಯುವಿ ಲೈಟೂ ಅಷ್ಟೇ, ಅದರ ಮೂಲಕ ಹಾದುಹೋಗಿದ್ದಷ್ಟೇ ಸಾಯೋದು.

ಕಲ್ಲುಸಂದಿ:

ಲೇಟಾಗಿ ಬಂದೆ ಮಾರಾಯ್ರೆ. ರೋಗದ ವಿಷಯ ಎಲ್ಲ ಆಯ್ತು, ಜಗಳದ್ದು ಯಾರೂ ಮುಟ್ಲಿಲ್ಲ.

ಮೊದ್ಲು ಮೀನಿನ ಆಯ್ಕೆ ಒಳ್ಳೇದುಂಟು. 60 ಸೆಂಟಿಮೀಟರಿಗೆ ಕ್ಲೌನ್ ಎರಡು, ಗ್ರಾಮಾ ಒಂದು, ಫೈರ್‌ಫಿಶ್ ಒಂದು, ಅಲ್ಲಿಗೆ ಹೌಸ್‌ಫುಲ್. ಆಮೇಲೆ ಚಂದ ಕಂಡಿತು ಅಂತ ಸಿಕ್ಸ್‌ಲೈನ್ ವ್ರಾಸ್, ಡ್ಯಾಮ್ಸೆಲ್, ಡಾಟಿಬ್ಯಾಕ್ ಇಂಥದ್ದನ್ನೆಲ್ಲ ತಂದು ಹಾಕ್ಬೇಡಿ, ಸಣ್ಣ ಟ್ಯಾಂಕಿನಲ್ಲಿ ಅವು ರೌಡಿಗಳು. ಮ್ಯಾಂಡರಿನ್ ಮೀನಂತೂ ಬೇಡವೇ ಬೇಡ, ಅದಕ್ಕೆ ಹೊಟ್ಟೆಗಾಗುವಷ್ಟು ಕೋಪೆಪಾಡ್ (ಅದು ತಿನ್ನುವ ಸಣ್ಣ ಸಣ್ಣ ಜೀವಿ) 75 ಲೀಟರ್‌ನಲ್ಲಿ ಹುಟ್ಟುದೇ ಇಲ್ಲ. ಫೈರ್‌ಫಿಶ್ ಒಂದೇ ತನ್ನಿ, ಜೋಡಿ ಅಂತ ಕೊಟ್ಟ ಎರಡು ಜೋಡಿ ಆಗಿರುದಿಲ್ಲ ಎಷ್ಟೋ ಸಲ, ಒಂದು ಇನ್ನೊಂದನ್ನು ಮೂಲೆಗೆ ಒತ್ತಿ ಕೊಲ್ತದೆ.

ಫೈರ್‌ಫಿಶ್ ಪುಕ್ಕಲು, ಗ್ರಾಮಾ ಜೋರಿನದ್ದು. ಗ್ರಾಮಾ ಒಂದು ಗುಹೆ ಹಿಡ್ಕೊಂಡು ತಲೆಕೆಳಗಾಗಿ ನೇತಾಡ್ತಾ ಹತ್ರ ಬಂದವರಿಗೆಲ್ಲ ಬಾಯಿ ಅಗಲ ಮಾಡಿ ಹೆದರಿಸ್ತದೆ, ಹೆಚ್ಚಿನಂಶ ಬರೀ ಬಾಯಿಯೇ, ಆದ್ರೆ ಫೈರ್‌ಫಿಶ್‌ಗೆ ಅದೂ ಸಾಕು ಬಿಲದಿಂದ ಹೊರಗೆ ಬಾರದೆ ಹಸಿವಿಂದ ಸಾಯ್ಲಿಕ್ಕೆ. ಹಾಗಾಗಿ ಎರಡನ್ನೂ ಒಟ್ಟಿಗೇ ತಂದು ಒಟ್ಟಿಗೇ ಕ್ವಾರಂಟೈನ್ ಮಾಡಿ, ಪೈಪ್ ಜಾಸ್ತಿ ಇಡಿ, ಟೈಮ್ ಉಳೀತದೆ. ರೀಫಿಗೆ ಬಿಡುವಾಗ ಫೈರ್‌ಫಿಶ್ ಮೊದ್ಲು, ಅದು ಬಿಲ ಹುಡುಕಿಕೊಂಡು, ಎದುರು ಬಂದು ತಿನ್ನುವಷ್ಟು ಧೈರ್ಯ ಬಂದ ಮೇಲೆ ಗ್ರಾಮಾ.

ಅಕ್ಲಿಮೇಶನ್ ಬಾಕ್ಸ್ ಅಂತ ಉಂಟು, ತೂತು ತೂತಿರುವ ಪಾರದರ್ಶಕ ಡಬ್ಬ, ಗಾಜಿಗೆ ನೇತುಹಾಕುದು. ನಿಮ್ಮ ಆ ಹೆಣ್ಣು ಕ್ಲೌನಿಗೆ ಇದೇ ಮದ್ದು. ಹೊಸಬರು ಅದರೊಳಗೆ ಮೂರು ನಾಲ್ಕು ದಿನ ಇರ್ಲಿ, ಒಂದು ಪೈಪಿನ ತುಂಡು ಒಳಗೆ ಹಾಕಿ. ಮೊದಲ ದಿನ ಕ್ಲೌನ್ ಬಾಕ್ಸಿಗೇ ಡಿಕ್ಕಿ ಹೊಡೀತದೆ, ಬಾಲ ಬಡೀತದೆ. ಯಾವಾಗ ಅದಕ್ಕೆ ಬೇಜಾರಾಗಿ ತನ್ನ ಮೂಲೆಗೆ ಹೋಗಿ ತನ್ನಷ್ಟಕ್ಕೆ ಇರ್ತದೋ ಆವಾಗ ಬಿಡಿ, ದಿನ ಲೆಕ್ಕ ಹಾಕ್ಬೇಡಿ ಕ್ಲೌನನ್ನು ನೋಡಿ. ಮೊಟ್ಟೆ ಇಟ್ಟಿರುವ ವಾರ ಮಾತ್ರ ಯಾರನ್ನೂ ಬಿಡ್ಲೇಬೇಡಿ, ಆವಾಗ ಅದರ ತಲೆ ಸರಿ ಇರುದಿಲ್ಲ. ಮೊಟ್ಟೆ ಒಡೆಯುವ ತನಕ ಕಾಯಿರಿ, ಒಂದು ವಾರ ಹತ್ತು ದಿನ ಅಷ್ಟೇ.

ಬಿಡುದು ಸಂಜೆ ಲೈಟ್ ಆಫ್ ಮಾಡಿದ ಮೇಲೆ. ಅದಕ್ಕೆ ಸ್ವಲ್ಪ ಮೊದ್ಲು ಹಳೆಯವರಿಗೆ ಹೊಟ್ಟೆ ತುಂಬ ಹಾಕಿ. ಕ್ಲೌನ್ ಮತ್ತೂ ಬಿಡದೆ ಅಟ್ಟಿಸ್ತದೆ ಅಂತಾದ್ರೆ ಹೊರಗಿಂದ ಗಾಜಿಗೆ ಒಂದು ಸಣ್ಣ ಕನ್ನಡಿ ಒರಗಿಸಿಡಿ, ತನ್ನ ಮುಖವನ್ನೇ ಶತ್ರು ಅಂತ ತಿಳಿದು ಅದ್ರೊಟ್ಟಿಗೆ ಜಗಳ ಆಡ್ತಾ ಇರ್ತದೆ, ಹೊಸಬರಿಗೆ ಉಸಿರಾಡ್ಲಿಕ್ಕೆ ಪುರುಸೊತ್ತು ಸಿಗ್ತದೆ. ಹಗಲಿಡೀ ಇಡ್ಬೇಡಿ ಪಾಪ ಅದಕ್ಕೂ ಸುಸ್ತು. ಕಲ್ಲಿನ ಜಾಗ ಬದಲಿಸಿ ಅಂತಾರೆ ಕೆಲವರು, ನಿಮ್ಮಲ್ಲಿ ಕೋರಲ್ ಅಂಟಿದೆ, ಆ ಗೋಜಿಗೆ ಹೋಗ್ಬೇಡಿ, ಹೊಸ ಸಂದಿ ಆಗುವ ಹಾಗೆ ಒಂದೆರಡು ಸಣ್ಣ ಕಲ್ಲು ಸೇರಿಸಿದರೆ ಸಾಕು.

ಅಲೆಮಾರಿ:

ಕಲ್ಲುಸಂದಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಬಾಕ್ಸಲ್ಲಿದ್ದಾಗ್ಲೇ ಊಟ ಕೊಟ್ಟು ಅಭ್ಯಾಸ ಮಾಡಿಸಿ, ಬಾಕ್ಸೊಳಗೆ ತಿನ್ನದ ಮೀನನ್ನ ಹೊರಗೆ ಬಿಡ್ಬೇಡಿ. ಆದ್ರೆ ಟ್ಯಾಂಕಿಗೆ ಹಾಕೋ ಒಟ್ಟು ಆಹಾರ ಒಂದೇ ಸಲ ಡಬಲ್ ಮಾಡ್ಬೇಡಿ, ಬ್ಯಾಕ್ಟೀರಿಯಾ ಈಗಿರೋ ಎರಡು ಮೀನಿನ ಲೆಕ್ಕಕ್ಕೆ ಬೆಳೆದಿರೋದು. ಎರಡು ಮೀನಿನ ನಡುವೆ ಎರಡು ಮೂರು ವಾರ ಬಿಟ್ಟು, ನಡುನಡುವೆ ಅಮೋನಿಯಾ ನೋಡಿ. ಹ್ಯಾಮರ್ ಕೋರಲ್ ಮುಖ ಮುಚ್ಕೊಂಡ್ರೆ ಏನೋ ತಪ್ಪಿದೆ ಅಂತ ಲೆಕ್ಕ, ಟೆಸ್ಟ್ ಕಿಟ್‌ಗಿಂತ ಮೊದ್ಲೇ ಹೇಳುತ್ತೆ ಅದು.

ಮತ್ತೆ ಅಂಗಡೀಲಿ ಆರಿಸುವಾಗ್ಲೇ ಅರ್ಧ ಕೆಲಸ ಆಗಿಹೋಗುತ್ತೆ. ಎದುರಿಗೇ ಊಟ ಹಾಕ್ಸಿ ನೋಡಿ. ಹೊಟ್ಟೆ ಒಳಗೆ ಹೋಗಿದ್ರೆ, ಕಣ್ಣು ಮಬ್ಬಾಗಿದ್ರೆ, ಅದೇ ಟ್ಯಾಂಕಲ್ಲಿ ಸತ್ತ ಮೀನು ಬಿದ್ದಿದ್ರೆ ಬಿಟ್ಟು ಬನ್ನಿ. ಇವತ್ತು ಬಂದ ಸ್ಟಾಕ್ ಅಂದ್ರೆ ಅಲ್ಲೇ ಒಂದು ವಾರ ಇಟ್ಕೊಳ್ಳಿ ಆಮೇಲೆ ಬರ್ತೀನಿ ಅನ್ನಿ.

ಸುಮ್ನೆಮೀನು:

ಎರಡೂ ಟ್ಯಾಂಕು ಬಾಜೂಕ ಬಾಜೂಕ ಇಡಬ್ಯಾಡ್ರಿ. ಏರ್ ಸ್ಟೋನ್ ಗುಳ್ಳೆ ಒಡದು ಹನಿ ಸಿಡೀತದ, ಅದ್ರಾಗ ವೆಲ್ವೆಟ್ ಹಾರಿ ಬರ್ತದ. ಬ್ಯಾರೆ ಖೋಲಿ ಆದ್ರ ಚಲೋ. ಊಟ ಮೊದಲ ರೀಫಿಗೆ ಹಾಕಿ ಆಮ್ಯಾಲೆ ಕ್ವಾರಂಟೈನಿಗೆ, ಕೈ ಒದ್ದಿ ಇದ್ದಾಗ ತಿರಗಾ ಈ ಕಡೆ ಬರಬ್ಯಾಡ್ರಿ.

ಉಪ್ಪುನೀರು75:

ಸರಿ, ಸ್ಪಂಜ್ ಇವತ್ತೇ ಫಿಲ್ಟರ್ ಒಳಗೆ ಹಾಕ್ದೆ. ಪ್ರಾಜಿ ಎರಡು ಡೋಸ್, ವೆಲ್ವೆಟ್‌ಗೆ ಅಂತ ತಾಮ್ರ ಹ್ಯಾನಾ ಚೆಕರ್ ಸಮೇತ ತರಿಸ್ಕೋತೀನಿ, ತಿನ್ನೋಕೆ ಶುರು ಮಾಡಿದ್ಮೇಲೆ ನೋಡೋಣ. ಎರಡು ಡೌಟ್ ಉಳಿದಿದೆ. ಒಂದು, ನಡುವೆ ಒಂದು ಜೊವಾಂತಿಡ್ ಫ್ರ್ಯಾಗ್ (ಬಿಲ್ಲೆಗೆ ಅಂಟಿಸಿದ ಸಣ್ಣ ತುಂಡು), ನಾಲ್ಕೈದು ಟರ್ಬೊ ಬಸವನಹುಳು ತರೋದಿತ್ತು, ಅವಕ್ಕೂ ಕ್ವಾರಂಟೈನ್ ಬೇಕಾ? ಇನ್ನೊಂದು, ಟ್ಯಾಂಕಿಗೆ ಮುಚ್ಚಳ ಇಲ್ಲ, ಕ್ಲೌನ್ ಹಾರಲ್ಲ ಅಂತ ಹಾಗೇ ಬಿಟ್ಟಿದೀನಿ, ಫೈರ್‌ಫಿಶ್‌ಗೆ ಬೇಕಾಗುತ್ತಾ?

ಹವಳದಿಬ್ಬ:

ಮೊದಲನೇದಕ್ಕೆ: ಬೇಕು. ಬಸವನಹುಳುಗೆ ಇಕ್ ಬರಲ್ಲ, ಆದ್ರೆ ಚಿಪ್ಪಿನ ಮೇಲೆ ಗೂಡು ಅಂಟಿರಬಹುದು, ಫ್ರ್ಯಾಗ್ ಕೂತಿರೋ ಬಿಲ್ಲೆ ಮೇಲೂ ಅಷ್ಟೇ. ಕೋರಲ್ ಡಿಪ್ ಅನ್ನೋ ಔಷಧಿ ನೀರಲ್ಲಿ ಅದ್ದಿದ್ರೆ ಚಪ್ಪಟೆಹುಳ, ನೂಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರದ ಬಸವನಹುಳು) ಉದುರುತ್ತೆ, ಗೂಡು ಉದುರಲ್ಲ. ಅವನ್ನ ಮೀನಿಲ್ಲದ ಬೇರೆ ಡಬ್ಬೀಲಿ ಆ 45 ಇಲ್ಲಾ 76 ದಿನ ಇಡ್ಬೇಕು, ತಾಮ್ರ ಕಂಡ ಟ್ಯಾಂಕಲ್ಲಿ ಅಲ್ಲ. ಮೀನಿಲ್ಲದ ಸಿಸ್ಟಮ್‌ನಲ್ಲೇ ಫ್ರ್ಯಾಗ್ ಬೆಳೆಸಿ ಮಾರೋರು ಸಿಕ್ಕಿದ್ರೆ ಅವರ ಹತ್ರ ತಗೊಳ್ಳಿ, ಈ ತಲೆನೋವು ಬಹಳ ಕಮ್ಮಿ ಆಗುತ್ತೆ. ನಿಮ್ಮ ಜಾಗದಲ್ಲಿ ನಾನಾಗಿದ್ರೆ ಮೀನುಗಳನ್ನ ರೀಫಿಗೆ ಬಿಟ್ಟು ಎಲ್ಲಾ ನೆಲೆ ಆಗೋವರೆಗೂ ಬೇರೇನೂ ತರ್ತಿರ್ಲಿಲ್ಲ.

ಕಲ್ಲುಸಂದಿ:

ಎರಡನೇದಕ್ಕೆ ನಾನು. ಬೇಕಾಗುತ್ತಾ ಅಂತ ಕೇಳುದಾ! ಫೈರ್‌ಫಿಶ್ ಹಾರುವಷ್ಟು ಮತ್ತೊಂದು ಹಾರುದಿಲ್ಲ, ಲೈಟ್ ಫಕ್ಕನೆ ಹಾಕಿದ್ರೂ ಸಾಕು. ಗಾಜಿನ ಮುಚ್ಚಳ ಬೇಡ, ಗಾಳಿ ಆಡುದಿಲ್ಲ, ಬಿಸಿಯಾಗ್ತದೆ. ಅಲ್ಯುಮಿನಿಯಂ ಫ್ರೇಮಿಗೆ 6 ಮಿಲಿಮೀಟರ್ ಕಣ್ಣಿನ ಪಾರದರ್ಶಕ ಜಾಲರಿ ಬಿಗಿದು ಮಾಡ್ಕೊಳ್ಳಿ, ಅದಕ್ಕಿಂತ ದೊಡ್ಡ ಕಣ್ಣು ಬೇಡ. ಹ್ಯಾಂಗ್ ಆನ್ ಫಿಲ್ಟರ್ ಕೂರುವಲ್ಲಿ ಫ್ರೇಮ್ ಕತ್ತರಿಸ್ತೀರಲ್ಲ, ಆ ಸಂದಿ, ಹೀಟರ್ ವಯರ್ ಹೋಗುವ ಸಂದಿ, ಅವೆರಡನ್ನು ಜಾಲರಿ ತುಂಡಿನಿಂದ ಮುಚ್ಚಿ, ಇಡೀ ಟ್ಯಾಂಕ್ ಮುಚ್ಚಿದ್ರೂ ಅದು ಸರಿಯಾಗಿ ಆ ಸಂದಿಯಲ್ಲೇ ಹೊರಗೆ ಬರ್ತದೆ. ಕ್ವಾರಂಟೈನ್ ಟ್ಯಾಂಕಿಗೂ ಇದೇ ಮಾತು, ಅಲ್ಲಿ ಮೊದಲ ವಾರ ಇನ್ನೂ ಜಾಸ್ತಿ ಹಾರ್ತದೆ.